ಪಾನಾ ಕುಂದ್ರಬೇಕು

ನಮ್ಮ ಕಡೆ ಸ್ಪ್ಯಾನರಿಗೆ ಪಾನಾ ಅನ್ನುತ್ತಾರೆ. ಪಾನಾ ನಟ್ಟಿನ ಮೇಲೆ ಸರಿಯಾಗಿ ಹೊಂದಿದರೆ ‘ಕುಂತದ’ ಎನ್ನುತ್ತಾರೆ. ಹೊಂದದಿದ್ದರೆ ‘ಕುಂದ್ರವಲ್ದು’. ಹೊಂದದೆ ಇದ್ದರೂ ಜೋರು ಹಾಕಿ ತಿರುವಿ, ನಟ್ಟಿನ ಆರು ಮೂಲೆಗಳೂ ಸವೆದುಹೋದರೆ ‘ಗೋಲ್ ಆಗ್ಯದ’. ಈ ಮೂರು ಮಾತಿನ ಅಂತರ ಕೈಗೆ ತಿಳಿದರೆ ಗ್ಯಾರೇಜಿನ ಅರ್ಧ ವಿದ್ಯೆ ಬಂದಂತೆ. ಉಳಿದರ್ಧವನ್ನು ಜಂಗು ಹಿಡಿದ ಬ್ರೇಕ್ ಪೈಪಿನ ನಟ್ಟು ಕಲಿಸುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕಸುಬಿನ ಪದಗಳ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಕಮ್ಮಾರರು, ಬಡಿಗೇರರು, ಕಬ್ಬು ಕಡಿಯುವ ಗ್ಯಾಂಗಿನವರು, ಟ್ರ್ಯಾಕ್ಟರ್ ಮಿಸ್ತ್ರಿಗಳು ಕೆಲಸದ ನಡುವೆ ಆಡುವ ಮಾತುಗಳನ್ನು ಬರೆದುಕೊಳ್ಳುತ್ತಾ ಅಡ್ಡಾಡುವುದೇ ನನ್ನ ಸಂಶೋಧನೆ. ಹೋದ ದೀಪಾವಳಿಗೆ ಭೂಸನೂರಿಗೆ ಬಂದಾಗ ಮಾತ್ರ ನೋಟ್‌ಬುಕ್ಕು ಕೆಳಗಿಟ್ಟು ನಾನೇ ಗಾಡಿಯ ಕೆಳಗೆ ಮಲಗಬೇಕಾಯಿತು.

ಗಾಡಿ ಅಪ್ಪನದು. ಹಳೆಯ ಮಹೀಂದ್ರಾ ಜೀಪು. ಹುಣ್ಣಿಮೆಗೆ ಗಾಣಗಾಪುರದ ದತ್ತನ ದರ್ಶನಕ್ಕೆ, ಉರುಸಿಗೆ ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೆ, ಲಗ್ನದ ದಿನಗಳಲ್ಲಿ ಸೊಲ್ಲಾಪುರದ ಬಟ್ಟೆ ಅಂಗಡಿಗಳಿಗೆ ಅಪ್ಪ ಇದರಲ್ಲಿ ಜನರನ್ನು ಒಯ್ಯುತ್ತಿದ್ದ. ಅವನು ಹೋದ ಮೇಲೆ ಆರು ವರ್ಷ ಅದು ದನದ ಕೊಟ್ಟಿಗೆಯ ಪಕ್ಕ ನಿಂತಿತ್ತು. ಈಗ ತಮ್ಮ ಅದನ್ನು ಮತ್ತೆ ರಸ್ತೆಗಿಳಿಸುತ್ತೇನೆ ಎನ್ನುತ್ತಿದ್ದ. ಸುತ್ತಲಿನ ಹೊಲಗಳ ಮನೆಗಳಿಂದ, ತಾಂಡಾದಿಂದ ಶಾಲೆಗೆ ಹೋಗುವ ಹತ್ತು ಹನ್ನೆರಡು ಮಕ್ಕಳನ್ನು ದಿನಾ ಒಯ್ದು ತರುವ ಕೆಲಸ ಅವನಿಗೆ ಸಿಗುವುದರಲ್ಲಿತ್ತು. ಇಂಜಿನ್ನು ಎರಡೇ ದಿನದಲ್ಲಿ ಚಾಲೂ ಆಯಿತು. ಬ್ರೇಕು ಮಾತ್ರ ಹಿಡಿಯಲಿಲ್ಲ. ಪೆಡಲ್ ತುಳಿದರೆ ಕಾಲು ನೆಲದವರೆಗೆ ಹೋಗುತ್ತಿತ್ತು, ಹಿಂದಿನ ಗಾಲಿಯ ಬಳಿ ನೆಲದ ಮೇಲೆ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿತ್ತು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಒಣ ಸೀಮೆಯಲ್ಲಿ ಕಬ್ಬಿಣ ಇಷ್ಟು ಹೇಗೆ ತುಕ್ಕು ಹಿಡಿಯುತ್ತದೆ ಎಂದು ಯಾರಿಗಾದರೂ ಅನಿಸಬಹುದು. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮೇಲೆ ಉಪ್ಪು ಚೆಲ್ಲುತ್ತಾರೆ, ಅದೇ ಅಲ್ಲಿನ ಗಾಡಿಗಳ ತಳ ತಿನ್ನುತ್ತದೆ. ನಮ್ಮಲ್ಲಿ ಆ ಉಪ್ಪು ಬೇರೆ ದಾರಿಯಿಂದ ಬರುತ್ತದೆ. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೆಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ದಾಯಾದಿ. ಗೊಬ್ಬರದ ಚೀಲ ಹೇರಿದ ಗಾಡಿಯಲ್ಲಿ ಹರಳು ಉದುರಿ ಸಂದಿಗೊಂದಿಗೆ ಸೇರುತ್ತವೆ. ಕೊಟ್ಟಿಗೆಯ ಗಂಜಲದ ಉಪ್ಪು ಅದಕ್ಕೆ ಜೊತೆಯಾಗುತ್ತದೆ. ಇವೆರಡಕ್ಕಿಂತ ದೊಡ್ಡದು ನಮ್ಮ ಎರೆಮಣ್ಣು. ಮಳೆಗಾಲದಲ್ಲಿ ಅದು ಚಾಸಿಗೆ ಮುದ್ದೆಯಾಗಿ ಮೆತ್ತಿಕೊಂಡರೆ ಮೇಲೆ ಒಣಗಿ ಬಿರುಕು ಬಿಟ್ಟರೂ ಒಳಗೆ ಎಷ್ಟೋ ದಿನ ತೇವ ಹಿಡಿದಿರುತ್ತದೆ. ತೊಗರಿಗೆ ಜೀವ ಕೊಡುವ ಅದೇ ಗುಣ ಪೈಪಿಗೆ ಮೃತ್ಯು.

ಬ್ರೇಕ್ ಪೈಪು ನೋಡಲಿಕ್ಕೆ ಏನೂ ಅಲ್ಲ. ಪೆನ್ಸಿಲ್ಲಿಗಿಂತ ತೆಳು, ಹೊರ ಅಳತೆ 4.75 ಮಿ.ಮೀ. ಮುಂದಿನ ಮಾಸ್ಟರ್ ಸಿಲಿಂಡರಿನಿಂದ ಹೊರಟು ಚಾಸಿಯ ಗುಂಟ ಹರಿದು ಒಂದೊಂದು ಗಾಲಿಗೂ ಕವಲೊಡೆಯುತ್ತದೆ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. ಆ ನಿಯಮವನ್ನು ನಾಲ್ಕೂ ಗಾಲಿಗಳಿಗೆ ಮುಟ್ಟಿಸಿದ ಕಾರು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1921ರಲ್ಲಿ, ಡ್ಯೂಸೆನ್‌ಬರ್ಗ್ ಕಂಪನಿಯಿಂದ. ಜೋರಾಗಿ ಬ್ರೇಕ್ ತುಳಿದಾಗ ಈ ತೆಳು ಪೈಪಿನೊಳಗಿನ ಒತ್ತಡ ಟೈರಿನ ಗಾಳಿಯ ಒತ್ತಡಕ್ಕಿಂತ ಹತ್ತಾರು ಪಟ್ಟು ಏರುತ್ತದೆ. ನಮ್ಮದರಂತೆ ಒಂದೇ ಸಾಲಿನ ಹಳೆಯ ಬ್ರೇಕುಗಳಲ್ಲಿ ಎಲ್ಲೇ ಒಂದು ತೂತು ಬಿದ್ದರೂ ನಾಲ್ಕೂ ಗಾಲಿಯ ಬ್ರೇಕು ಹೋಗುತ್ತದೆ.

ಹಿಂದಿನ ಎರಡು ಪೈಪು, ಮುಂದಿನ ಒಂದು ಪೈಪು ಬದಲಿಸಬೇಕಿತ್ತು. ಅವುಗಳನ್ನು ಹಿಡಿದಿಟ್ಟಿದ್ದು ಪುಟ್ಟ ಪುಟ್ಟ ನಟ್ಟುಗಳು. ಈ ನಟ್ಟಿನ ಕಥೆ ಬೇರೆ ನಟ್ಟುಗಳಿಗಿಂತ ಕಷ್ಟದ್ದು. ಪೈಪು ಅದರ ನಡುವಿನಿಂದ ಹಾಯ್ದುಹೋಗಿರುತ್ತದೆ, ಹಾಗಾಗಿ ರಿಂಗ್ ಪಾನಾವನ್ನು ಮೇಲಿನಿಂದ ತೊಡಿಸಲು ಬರುವುದಿಲ್ಲ. ಬಾಯಿ ತೆರೆದ ಪಾನಾ ಹಾಕಿದರೆ ಅದು ಹಿಡಿಯುವುದು ಎರಡೇ ಮಗ್ಗುಲನ್ನು. ಲೋಹ ಮೆತ್ತಗಿನದು, ಜಂಗಿನಿಂದ ಇನ್ನಷ್ಟು ಸವೆದದ್ದು. ಒಮ್ಮೆ ಜಾರಿದರೆ ಮುಗಿಯಿತು. ಇನ್ನೂ ಒಂದು ತೊಡಕಿದೆ. ನಟ್ಟು ಕೂತ ಜಾಗದಲ್ಲಷ್ಟೇ ಜಂಗು ಹಿಡಿಯುವುದಿಲ್ಲ, ನಟ್ಟಿಗೂ ಪೈಪಿಗೂ ನಡುವೆಯೂ ಹಿಡಿಯುತ್ತದೆ. ಆಗ ನಟ್ಟು ತಿರುಗಿದರೆ ಪೈಪೂ ಹಗ್ಗದಂತೆ ಹೊಸೆದುಕೊಳ್ಳುತ್ತದೆ.

ಅಪ್ಪನ ಕಾಲದಿಂದಲೂ ನಮ್ಮ ಜೀಪು ನೋಡುತ್ತಿದ್ದ ಒಬ್ಬ ಮಿಸ್ತ್ರಿ ಆಳಂದದಲ್ಲಿದ್ದಾರೆ. ನಾವು ಚಾಚಾ ಅನ್ನುತ್ತೇವೆ. ಕಣ್ಣು ಮಂಜಾಗಿ ಈಗ ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿ ಟಾರ್ಚು ಹಿಡಿಯುವುದು, ಕೇಳಿದ ನಂಬರಿನ ಪಾನಾ ಕೊಡುವುದು ನನ್ನ ಕೆಲಸವಾಗಿತ್ತು. ತಮ್ಮ ಅವರನ್ನು ಬೈಕಿನ ಮೇಲೆ ಕರೆತಂದ. ಅವರು ಹೊರಸಿನ ಮೇಲೆ ಕೂತರು, ನಾನು ಜೀಪಿನ ಕೆಳಗೆ ಹೋದೆ.

ತಮ್ಮನ ಬಳಿ ಸಂತೆಯಲ್ಲಿ ಕೊಂಡ ಪಾನಾದ ಸೆಟ್ಟು ಇತ್ತು. ಫಳಫಳ ಹೊಳೆಯುವಂಥದ್ದು. 10 ನಂಬರಿನದನ್ನು ನಟ್ಟಿಗೆ ಹಚ್ಚಿ ಅಲ್ಲಾಡಿಸಿದೆ. ಸಣ್ಣಗೆ ಟಕ್ ಟಕ್ ಎಂದಿತು.

ಚಾಚಾ ಹೊರಸಿನಿಂದಲೇ ಅಂದರು, ‘ಬೇಟಿ, ಸಪ್ಪಳಾ ಮಾಡ್ಲತ್ತದಂದ್ರ ಕುಂತಿಲ್ಲದು. ತಿರುವಬ್ಯಾಡ.’

‘9 ನಂಬರ್ ಹೋಗವಲ್ದು ಚಾಚಾ.’

‘ಹೋಗಲ್ಲ. ಅದು ಸೂತಿನ ನಟ್ಟು ಅದ. ಅಂಗ್ರೇಜರ ಮಾಪು.’

ಅವರ ಪೆಟ್ಟಿಗೆಯಲ್ಲಿದ್ದ ವರ್ನಿಯರ್ ಹಿಡಿದು ಅಳೆದರೆ 9.5 ಮಿ.ಮೀ. ಎಂದು ತೋರಿಸಿತು. ಎಂಟು ಸೂತಿಗೆ ಒಂದು ಇಂಚು, ಮೂರು ಸೂತೆಂದರೆ 3/8 ಇಂಚು. ಲೆಕ್ಕ ಹಾಕಿದರೆ 9.525 ಮಿ.ಮೀ. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಗೆ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸುತ್ತಾ ಗಾಡಿಯ ಧಂದೆ ಶುರುಮಾಡಿತು. ಆ ವಂಶದ ಗಾಡಿಗಳ ಎಷ್ಟೋ ನಟ್ಟು ಬೋಲ್ಟುಗಳಲ್ಲಿ ಇಂಚಿನ ಅಳತೆ ಬಹಳ ಕಾಲ ಉಳಿಯಿತು. ಭಾರತ ಮೆಟ್ರಿಕ್ ಅಳತೆಗೆ ಬರುವ ಕಾನೂನು ಮಾಡಿದ್ದು 1956ರಲ್ಲಿ. ಅದೇ ವರ್ಷದ ನವೆಂಬರ್ 1ರಂದು ನಮ್ಮ ಕಲಬುರಗಿ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಸೇರು ಹೋಗಿ ಕಿಲೋ ಬಂತು, ಉರ್ದು ದಫ್ತರಗಳು ಹೋಗಿ ಕನ್ನಡದ ಕಡತಗಳು ಬಂದವು. ಜೀಪಿನ ಕೆಳಗಿನ ನಟ್ಟಿಗೆ ಇದ್ಯಾವುದೂ ತಿಳಿಯಲಿಲ್ಲ. 10 ನಂಬರಿನ ಪಾನಾ ಅದಕ್ಕಿಂತ ಹತ್ತಿರ ಹತ್ತಿರ ಅರ್ಧ ಮಿ.ಮೀ. ದೊಡ್ಡದು. ಅರ್ಧ ಮಿ.ಮೀ. ಅಂದರೆ ಕಣ್ಣಿಗೆ ಏನೂ ಅಲ್ಲ. ಜಂಗು ಹಿಡಿದ ನಟ್ಟಿಗೆ ಅದೇ ಸಾವು ಬದುಕಿನ ಅಂತರ.

ಮುಂದಿನ ಗಾಲಿಯ ನಟ್ಟೇ ಇದಕ್ಕೆ ಸಾಕ್ಷಿಯಾಗಿತ್ತು. ಹಿಂದೆಂದೋ ಯಾವುದೋ ಗ್ಯಾರೇಜಿನಲ್ಲಿ ಯಾರೋ 10 ನಂಬರಿನದನ್ನೇ ಹಾಕಿ ಹಟ ಹಿಡಿದು ತಿರುವಿದ್ದರು. ಅದರ ಆರು ಮೂಲೆಗಳೂ ಗೋಲಾಗಿ ಬೋರೆಹಣ್ಣಿನ ಬೀಜದಂತಾಗಿತ್ತು.

ಮರುದಿನ ಕಲಬುರಗಿಯ ಬಜಾರಕ್ಕೆ ಹೋದೆ. ಪಾನಾ ಕೊಳ್ಳುವುದೂ ತೊಗರಿ ಕೊಂಡಂತೆಯೇ, ಮೇಲಿನ ಹೊಳಪು ನೋಡಿ ಕೊಳ್ಳಬಾರದು. ಅಚ್ಚಿಗೆ ಎರಕ ಹೊಯ್ದ ಪಾನಾ ಹೊಳೆಯುತ್ತದೆ, ಆದರೆ ಬಾಯಿ ಬೇಗ ಅಗಲವಾಗುತ್ತದೆ, ಇಲ್ಲವೇ ಮುರಿಯುತ್ತದೆ. ಕಾಸಿ ಅಚ್ಚಿನಲ್ಲಿ ಬಡಿದು ಮಾಡಿದ್ದಕ್ಕೆ ಬಲ ಬೇರೆ. ಮೈಮೇಲೆ ಕ್ರೋಮ್ ವೆನೇಡಿಯಂ ಎಂದು ಕೆತ್ತಿದ್ದರೆ ಅದು ಉಕ್ಕಿನ ಜಾತಿಯ ಹೆಸರು. ಹಾಗೆ ಕೆತ್ತಿದ್ದೆಲ್ಲ ನಿಜವೆಂದಲ್ಲ, ಆದ್ದರಿಂದ ಬಾಯಿಯನ್ನು ನೋಡಬೇಕು. ಎರಡೂ ದವಡೆ ಸಮವಾಗಿವೆಯೇ, ಒಳಮೈ ನುಣುಪಾಗಿದೆಯೇ, ಕ್ರೋಮಿನ ಲೇಪ ಅಂಚಿನಲ್ಲಿ ಎದ್ದಿದೆಯೇ? ಇವೆಲ್ಲಕ್ಕಿಂತ ಮುಖ್ಯ, ಅಂಗಡಿಯಲ್ಲೇ ಅದೇ ಅಳತೆಯ ಹೊಸ ನಟ್ಟಿನ ಮೇಲೆ ಹಚ್ಚಿ ಅಲ್ಲಾಡಿಸಬೇಕು. ಸಪ್ಪಳ ಬರಬಾರದು. ನಾಸಿಕದ ತಪಾರಿಯಾದಂಥ ಹೆಸರಾದ ಕಂಪನಿಗಳವು ಇವೆ, ಜಲಂಧರದ ಸಣ್ಣ ಕಾರ್ಖಾನೆಗಳಲ್ಲಿ ತಯಾರಾದವೂ ಒಳ್ಳೆಯವು ಸಿಗುತ್ತವೆ. ದೊಡ್ಡ ಸೆಟ್ಟಿಗಿಂತ ನಮಗೆ ಬೇಕಾದ ನಾಲ್ಕೇ ನಾಲ್ಕು ಒಳ್ಳೆಯವು ವಾಸಿ.

ಬ್ರೇಕ್ ಪೈಪಿಗೆಂದೇ ಒಂದು ಪಾನಾ ಬರುತ್ತದೆ. ರಿಂಗ್ ಪಾನಾದ್ದೇ ರೂಪ, ಆದರೆ ಮುಂದೆ ಪೈಪು ಹೋಗುವಷ್ಟು ಸೀಳಿರುತ್ತದೆ. ಆ ಸೀಳಿನಿಂದ ಪೈಪಿನ ಮೇಲೆ ಇಳಿಸಿ, ಕೆಳಗೆ ಸರಿಸಿ ನಟ್ಟನ್ನು ಹಿಡಿಯಬಹುದು. ಎರಡು ಮಗ್ಗುಲಿನ ಬದಲು ಐದು ಮಗ್ಗುಲು ಹಿಡಿತಕ್ಕೆ ಬರುತ್ತವೆ. ಮೂರನೇ ಅಂಗಡಿಯಲ್ಲಿ 3/8 ಇಂಚಿನದು ಸಿಕ್ಕಿತು. ಜೊತೆಗೆ ಆರು ಮೂಲೆಯ ಸಾಕೆಟ್ಟುಗಳನ್ನು ಕೊಂಡೆ. ಹನ್ನೆರಡು ಮೂಲೆಯವು ಹಾಕಲಿಕ್ಕೆ ಸುಲಭ, ಆದರೆ ಅವು ನಟ್ಟಿನ ತುದಿಯನ್ನಷ್ಟೇ ಮುಟ್ಟುತ್ತವೆ. ಆರು ಮೂಲೆಯದು ಮಗ್ಗುಲನ್ನು ಅಪ್ಪಿ ಹಿಡಿಯುತ್ತದೆ. ಆ ತಿಂಗಳ ಫೆಲೋಶಿಪ್ಪಿನಲ್ಲಿ ಕೊಳ್ಳಬೇಕೆಂದಿದ್ದ ಎರಡು ಪುಸ್ತಕ ಹಾಗೇ ಉಳಿದವು.

ಆಮೇಲಿನದು ಕಾಯುವ ಕೆಲಸ. ತಂತಿಯ ಬ್ರಷ್ಷಿನಿಂದ ನಟ್ಟಿನ ಸುತ್ತಲಿನ ಮಣ್ಣು, ಜಂಗು ತೆಗೆದೆ. ಜಂಗು ಬಿಡಿಸುವ ಎಣ್ಣೆ ಹೊಡೆದೆ. ನಾಳೆ ಮತ್ತೆ, ನಾಡಿದ್ದು ಮತ್ತೆ. ಎಣ್ಣೆಗೆ ಒಳಗೆ ಇಳಿಯಲು ಹೊತ್ತು ಬೇಕು, ಅದರ ಅವಸರ ನಮ್ಮ ಅವಸರವಲ್ಲ. ಚಾಚಾ ಹೇಳಿದಂತೆ ನಟ್ಟಿನ ಒಂದು ಮಗ್ಗುಲಿಗೆ ದಪ್ಪನೆಯ ಕಬ್ಬಿಣ ಆನಿಸಿ ಇನ್ನೊಂದು ಮಗ್ಗುಲಿಗೆ ಸಣ್ಣ ಸುತ್ತಿಗೆಯಿಂದ ಹಗುರಾಗಿ ಬಡಿದೆ. ಆ ಕಂಪನಕ್ಕೆ ಜಂಗಿನ ಪದರು ಬಿರಿಯುತ್ತದೆ. ಇದೆಲ್ಲ ಹೊರಗಿನ ಕೆಲಸ. ಪೈಪು ಬಿಚ್ಚುವ ಮೊದಲು ಆ ಎಣ್ಣೆಯನ್ನು ಒರೆಸಿ ಸ್ವಚ್ಛ ಮಾಡಲೇಬೇಕು. ಡೀಸೆಲ್, ಇಂಜಿನ್ ಆಯಿಲ್ ಜಾತಿಯ ಎಣ್ಣೆ ಬ್ರೇಕಿನೊಳಗೆ ಸೇರಿದರೆ ಅಲ್ಲಿನ ರಬ್ಬರ್ ಉಬ್ಬಿ ಕೆಡುತ್ತದೆ.

ನಾಲ್ಕನೇ ದಿನ ಪಾನಾ ಹಚ್ಚಿದೆ. ಅಲ್ಲಾಡಿಸಿದೆ. ಸಪ್ಪಳವಿಲ್ಲ.

‘ಮೊದ್ಲು ಜರಾ ಬಿಗಿ ಮಾಡು,’ ಅಂದರು ಚಾಚಾ. ‘ಆಮ್ಯಾಗ ಬಿಚ್ಚು. ಹಿಂದ ಮುಂದ, ಹಿಂದ ಮುಂದ.’

ಬಿಚ್ಚಬೇಕಾದದ್ದನ್ನು ಮೊದಲು ಬಿಗಿ ಮಾಡುವುದು ತಲೆಕೆಳಗಿನ ಮಾತಿನಂತೆ ಕೇಳುತ್ತದೆ. ಆದರೆ ಜಂಗಿನ ಹಿಡಿತ ಒಡೆಯಲು ಯಾವ ಕಡೆಗಾದರೂ ಕೂದಲೆಳೆಯಷ್ಟು ಅಲುಗಿದರೆ ಸಾಕು. ಹಿಂದಿನ ಎಡಗಾಲಿಯ ನಟ್ಟು ಕಿರ್ರೆಂದಿತು. ಕಾಲು ಸುತ್ತು ಬಿಚ್ಚುವುದು, ಎಣ್ಣೆ, ಮತ್ತೆ ಅರ್ಧದಷ್ಟು ಬಿಗಿ ಮಾಡುವುದು, ಮತ್ತೆ ಬಿಚ್ಚುವುದು. ಹತ್ತು ನಿಮಿಷದಲ್ಲಿ ಮೂಲೆ ಒಂದೂ ಕೆಡದೆ ಕೈಗೆ ಬಂತು.

ಬಲಗಾಲಿಯದು ಹಾಗೆ ಬರಲಿಲ್ಲ. ನಟ್ಟಿನ ಜೊತೆ ಪೈಪು ತಿರುಗತೊಡಗಿತು. ಅಂಥಲ್ಲಿ ಕೈ ನಿಲ್ಲಿಸಬೇಕು. ಪೈಪು ಹೇಗೂ ಹೋಗುವುದೇ, ಆದ್ದರಿಂದ ನಟ್ಟಿನ ಬುಡಕ್ಕೆ ಪೈಪನ್ನೇ ಕತ್ತರಿಸಿದೆವು. ಪೈಪು ಹೋದ ಮೇಲೆ ನಟ್ಟಿನ ತಲೆ ಬಯಲಾಯಿತು, ಆರು ಮೂಲೆಯ ಸಾಕೆಟ್ಟು ಅದರ ಮೇಲೆ ಪೂರ್ತಿ ಕೂತಿತು, ನಟ್ಟು ಬಂತು. ಗೋಲಾಗಿದ್ದ ಮುಂದಿನದಕ್ಕೂ ಪೈಪು ಕತ್ತರಿಸಿ, ಒಂದು ಅಳತೆ ಕಡಿಮೆಯ 9 ನಂಬರಿನ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಅದರ ಮೇಲೆ ಕೂರಿಸಿದೆವು. ಗ್ಯಾಸಿನ ಉರಿ ಹಿಡಿಯುವ ಉಪಾಯವೂ ಇದೆ. ಆದರೆ ಬ್ರೇಕ್ ಆಯಿಲಿಗೆ ಬೆಂಕಿ ಹತ್ತುತ್ತದೆ, ಪಕ್ಕದ ರಬ್ಬರ್ ಹೋಸು ಕರಗುತ್ತದೆ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಈ ನಡುವೆ ಮನೆಯಲ್ಲಿ ಬೇರೆ ಮಾತು ನಡೆದಿತ್ತು. ಶಾಲೆಯವರು ಸೋಮವಾರದಿಂದ ಗಾಡಿ ಬೇಕೆಂದಿದ್ದರು. ಹೊಸ ಪೈಪು ಮಾಡಿಸಲು ಇನ್ನೂ ಮೂರು ನಾಲ್ಕು ದಿನ ಬೇಕು. ಓಣಿಯವರೊಬ್ಬರು ತಮ್ಮನಿಗೆ ಹಳೆಯ ಉಪಾಯ ಹೇಳಿಕೊಟ್ಟರು.

‘ಅಕ್ಕಾ, ಹಿಂದಿನ ಪೈಪ್ ಮಡಚಿ ಬಡದು ಬಂದ್ ಮಾಡ್ಬಿಡಮು. ಮುಂದಿನ ಎರಡು ಗಾಲಿ ಹಿಡಿತಾವ. ಎಷ್ಟೋ ಗಾಡಿ ಹಂಗೇ ಹೊಂಟಾವ.’

ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಯ ದಾರಿ ಹಿಡಿಯುವ ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ, ಟ್ರ್ಯಾಕ್ಟರಿನ ಬ್ರೇಕಿನ ಮೇಲೆಯೇ ಅಷ್ಟೂ ಭಾರ. ‘ನಡೀತದ’ ಎನ್ನುವ ಪದ ನಮ್ಮ ಸೀಮೆಯಲ್ಲಿ ಎಷ್ಟೊಂದು ಗಾಡಿಗಳನ್ನು ಓಡಿಸುತ್ತದೆ. ನನ್ನ ಪದಕೋಶದಲ್ಲಿ ಅದಕ್ಕೊಂದು ಪ್ರತ್ಯೇಕ ನಮೂದೇ ಬೇಕಾದೀತು.

‘ಹಿಂದ ಯಾರ್ ಕುಂದರ್ತಾರಪಾ?’ ಎಂದು ಕೇಳಿದೆ.

‘ಹುಡುಗ್ರು.’

‘ಭಾರ ಎಲ್ಲಾ ಹಿಂದೇ ಆಯ್ತಲ್ಲ.’

ಅವನು ಸುಮ್ಮನಾದ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಅಂದಳು, ‘ಸೋಮಾರಕ್ಕ ಬರಂಗಿಲ್ಲ ಅಂತ ಶಾಲಿಗಿ ಹೇಳಿಬಿಡು. ನಿಮ್ಮಪ್ಪ ಬ್ರೇಕ್ ಹಿಡೀಲಿಲ್ಲಂದ್ರ ಲಗ್ನದ ಬಾಡಿಗಿ ಬಿಟ್ಟಿದ್ದಾನ.’ ಆ ವಾರದ ಬಾಡಿಗೆ ಹೋಯಿತು. ಬೇರೆ ಗಾಡಿಯವನು ಆ ಕೆಲಸ ಹಿಡಿದು ಬಿಡದೆ ಹೋಗಬಹುದು ಎಂಬ ಹೆದರಿಕೆಯೂ ಇತ್ತು. ತಮ್ಮ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹನ್ನೆರಡು ಮಕ್ಕಳ ಸುರಕ್ಷತೆಯ ಮಾತು ಆಡುವುದು, ಫೆಲೋಶಿಪ್ಪು ಬರುವ ನನಗೆ, ದಿನದ ದುಡಿಮೆಯ ಅವನಿಗಿಂತ ಸುಲಭ. ಅದು ನನಗೆ ಗೊತ್ತಿತ್ತು. ಆದರೂ ಆ ಪೈಪನ್ನು ಮಡಚಲು ಮನಸ್ಸು ಒಪ್ಪಲಿಲ್ಲ.

ಹೊಸ ಪೈಪನ್ನು ಚಾಚಾನ ಮಗ ಮಾಡಿಕೊಟ್ಟ. ಹಳೆಯದರ ಬಾಗು ನೋಡಿ ಉಕ್ಕಿನ ಪೈಪು ಕತ್ತರಿಸಿ, ಮೊದಲು ಎರಡೂ ನಟ್ಟು ಪೋಣಿಸಿ, ಆಮೇಲೆ ತುದಿಯನ್ನು ಹೂವಿನಂತೆ ಅರಳಿಸಿ ಒಳಕ್ಕೆ ಇನ್ನೊಂದು ಸಲ ಮಡಚಿದ. ನಟ್ಟು ಪೋಣಿಸದೆ ತುದಿ ಅರಳಿಸಿದರೆ ಮತ್ತೆ ಕತ್ತರಿಸುವುದೇ ಗತಿ. ತಾಮ್ರದ ಪೈಪು ಬಾಗಿಸಲಿಕ್ಕೆ ಸುಲಭವೆಂದು ಕೆಲವರು ಹಾಕುತ್ತಾರೆ. ಅದು ಬೇಡ, ಬರಿಯ ತಾಮ್ರ ನಡುಗಿ ನಡುಗಿ ದಣಿದು ಬಿರುಕು ಬಿಡುತ್ತದೆ. ಹಳೆಯ ಬ್ರೇಕ್ ಆಯಿಲನ್ನು ಪೂರ್ತಿ ತೆಗೆದೆವು. ಈ ದ್ರವ ಗಾಳಿಯ ತೇವವನ್ನು ಹೀರುವಂಥದ್ದು, ಆ ನೀರು ಒಳಗಿನಿಂದಲೂ ಜಂಗು ಹಿಡಿಸುತ್ತದೆ. ಹೊಸ ಡಾಟ್ 3 ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು ಎಂಬುದು ನಿಯಮ. ತೇವ ಕುಡಿದದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಒಳಗೆ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗುತ್ತದೆ, ಬ್ರೇಕು ಇರುವುದಿಲ್ಲ.

ಕೊನೆಗೆ ಏರ್ ತೆಗೆಯುವ ಕೆಲಸ. ತಮ್ಮ ಪೆಡಲ್ ತುಳಿದು ಹಿಡಿಯುವುದು, ನಾನು ಗಾಲಿಯ ಬಳಿ ನಿಪ್ಪಲ್ ಬಿಚ್ಚುವುದು, ಗುಳ್ಳೆ ಹೋದ ಕೂಡಲೇ ಬಿಗಿಯುವುದು, ಆಮೇಲೆ ಅವನು ಕಾಲು ಬಿಡುವುದು. ‘ಹಿಡಿ’, ‘ಹಿಡಿದೀನಿ’, ‘ಬಿಡು’. ದೂರದ ಗಾಲಿಯಿಂದ ಹತ್ತಿರದ ಗಾಲಿಯವರೆಗೆ ಈ ಮೂರೇ ಮಾತು. ಎರಡು ದಿನದ ಮೌನ ಅಲ್ಲಿಗೆ ಮುರಿಯಿತು. ನಾಲ್ಕನೆಯ ಗಾಲಿಗೆ ಬರುವಷ್ಟರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು.

ಸಂಶೋಧನೆಯ ವಿಷಯದಲ್ಲಿ ನನ್ನನ್ನು ಬಹಳ ದಿನ ಕಾಡಿದ ಒಂದು ತೊಡಕು ಈ ಕೆಲಸದ ನಡುವೆ ತಿಳಿಯಾಯಿತು. ಕಸುಬಿನ ಪದಗಳಿಗೆ ಗ್ರಂಥದ ಕನ್ನಡದಲ್ಲಿ ಅರ್ಥ ಬರೆಯುವಾಗ ಕೈಗೆ ಸಿಗುವುದು 10 ನಂಬರಿನಂಥ ಪದಗಳು. ಜಂಗು ಎಂದರೆ ‘ತುಕ್ಕು’ ಎಂದು ಬರೆದು ಮುಂದೆ ಹೋಗಬಹುದು. ಆದರೆ ಚಾಚಾ ಜಂಗು ಎಂದಾಗ ಅದರಲ್ಲಿ ಹಿಡಿತದ ಅರ್ಥವೂ ಇರುತ್ತದೆ, ಎರಡು ವಸ್ತುಗಳನ್ನು ಒಂದು ಮಾಡಿಬಿಟ್ಟ ತುಕ್ಕು ಅದು. ‘ಕುಂದ್ರು’ ಎಂಬುದಕ್ಕೆ ‘ಹೊಂದು’ ಎಂದು ಬರೆದರೆ ಆ ನಿಶ್ಶಬ್ದ ಎಲ್ಲಿ ಬಂತು? ಸ್ಕ್ರೂ ಡ್ರೈವರಿಗೆ ನಿಘಂಟಿನ ‘ತಿರುಪುಳಿ’ ಇದೆ. ಭೂಸನೂರಿನಲ್ಲಿ ಅದನ್ನು ಕೇಳಿದರೆ ಯಾರೂ ತಂದುಕೊಡಲಾರರು, ಪೇಚಕಸ್ ಎಂದರೆ ಮಕ್ಕಳೂ ಓಡಿ ತರುತ್ತವೆ. ಪದ ಸಡಿಲಾಗಿದ್ದಾಗ ವಾದಕ್ಕೆ ಜೋರು ಹಾಕುತ್ತೇವೆ, ಅಡಿಟಿಪ್ಪಣಿ ಹೆಚ್ಚಿಸುತ್ತೇವೆ. ಅಷ್ಟರಲ್ಲಿ ವಸ್ತುವಿನ ಮೂಲೆಗಳು ಸವೆದಿರುತ್ತವೆ. ಈಗ ಒಂದೊಂದು ನಮೂದು ಬರೆದ ಮೇಲೂ ಅದನ್ನು ಆಡಿದವರ ಮುಂದೆಯೇ ಓದುತ್ತೇನೆ, ಸಪ್ಪಳ ಮಾಡುತ್ತದೆಯೇ ಎಂದು ನೋಡಲಿಕ್ಕೆ. ಹೊತ್ತು ಹಿಡಿಯುತ್ತದೆ. ಎಣ್ಣೆಗೂ ಹಿಡಿದಿತ್ತು.

ಜೀಪು ಪಾಸಿಂಗ್ ಆಗಿ ಈಗ ಮಕ್ಕಳನ್ನು ಒಯ್ಯುತ್ತಿದೆ. ಶಾಲೆಯವರು ಒಂದು ವಾರ ಕಾದರು, ಅದು ನಮ್ಮ ಪುಣ್ಯ. ಪಾನಾಗಳನ್ನು ನಾನು ಹಾಸ್ಟೆಲಿಗೆ ತರಲಿಲ್ಲ, ತಮ್ಮನ ಹತ್ತಿರವೇ ಬಿಟ್ಟೆ. ಊರಲ್ಲಿ ಸೂತಿನ ಪಾನಾ ಇರುವ ಸುದ್ದಿ ಹಬ್ಬಿ ಆಗಾಗ ಯಾರಾದರೂ ಕೇಳಿಕೊಂಡು ಬರುತ್ತಾರಂತೆ. ಅವನು ಇಲ್ಲ ಅನ್ನುವುದಿಲ್ಲ. ಕೊಡುವಾಗ ಒಂದೇ ಮಾತು ಹೇಳುತ್ತಾನೆ ಎಂದು ಅವ್ವ ಫೋನಿನಲ್ಲಿ ನಗುತ್ತಾ ಹೇಳಿದಳು: ‘ಕುಂತರ ತಿರುವ್ರಿ. ಕುಂದರಲಿಲ್ಲಂದ್ರ ಹಂಗೇ ವಾಪಸ್ ತಂದು ಕೊಡ್ರಿ.’